ಮನೆಯ ಎರೆಹುಳು ಡಬ್ಬ ಹದ ತಪ್ಪಿದಾಗ: ದೋಷ ಹುಡುಕುವುದು, ಸರಿಪಡಿಸುವುದು

ಅಡುಗೆಮನೆಯ ಹಸಿ ಕಸವನ್ನು ಗೊಬ್ಬರ ಮಾಡುವ ಎರೆಹುಳು ಡಬ್ಬದಲ್ಲಿ ಏನೇ ತೊಂದರೆ ಕಂಡರೂ ಮೊದಲ ಕೆಲಸ ಒಂದೇ: ಹಸಿ ಕಸ ಹಾಕುವುದನ್ನು ನಿಲ್ಲಿಸಿ. ಹೊಸ ಊಟ ಬೀಳದಿದ್ದರೂ ಹುಳುಗಳು ಎರಡು ವಾರ ಹಾಸನ್ನೇ (ಡಬ್ಬದೊಳಗೆ ಹಾಸಿದ ರಟ್ಟು, ತರಗೆಲೆ, ಕೋಕೋಪೀಟ್ ಅಂದರೆ ತೆಂಗಿನ ಸಿಪ್ಪೆಯ ಪುಡಿ) ತಿಂದುಕೊಂಡು ಆರಾಮವಾಗಿ ಇರುತ್ತವೆ. ಕೊಳೆತು ಗಬ್ಬೆದ್ದ ಊಟದ ನಡುವೆ ಮಾತ್ರ ಎರಡು ದಿನ ತಡೆಯುವುದೂ ಕಷ್ಟ. ಮನೆಗಳಲ್ಲಿ ಡಬ್ಬ ಕೆಟ್ಟ ಕಾರಣ ಹುಡುಕುತ್ತ ಹೋದರೆ ಬಹುಪಾಲು ಸಲ ಸಿಗುವ ಉತ್ತರ ಎರಡೇ: ಊಟ ಹೆಚ್ಚಾಗಿದೆ, ಇಲ್ಲವೇ ನೀರು ಹೆಚ್ಚಾಗಿದೆ. ಆದರೂ ತೊಂದರೆ ಕಂಡ ಕೂಡಲೇ ಜನ ಇನ್ನಷ್ಟು ಸಗಣಿ, ಬೆಲ್ಲದ ನೀರು, ಸುಣ್ಣ, ಬೇವಿನ ಹಿಂಡಿ ಅಂತ ಏನಾದರೊಂದು ಸುರಿಯುತ್ತಾರೆ. ಕಾರಣ ಗೊತ್ತಾಗುವವರೆಗೆ ಡಬ್ಬಕ್ಕೆ ಏನನ್ನೂ ಸೇರಿಸಬೇಡಿ.

ಇಲ್ಲಿರುವ ಅಳತೆಗಳೆಲ್ಲ ಬಾಲ್ಕನಿಯಲ್ಲಿ ಇಡುವ ಸುಮಾರು 50 ಲೀಟರಿನ ಪ್ಲಾಸ್ಟಿಕ್ ಡಬ್ಬಕ್ಕೆ. ತಳದಲ್ಲಿ 5-6 ಮಿ.ಮೀ. ತೂತುಗಳು, ಮೇಲಂಚಿನ ಸುತ್ತ ಗಾಳಿಗೆ ಸಣ್ಣ ತೂತುಗಳು, ಇಟ್ಟಿಗೆ ಚೂರಿನ ಮೇಲೆ ಎತ್ತರಿಸಿ ಕೂರಿಸಿದ್ದು, ಕೆಳಗೊಂದು ತಟ್ಟೆ, ಒಳಗೆ ಅರ್ಧ ಕಿಲೋ ಹುಳು. ಒಳ್ಳೆಯ ಹದದಲ್ಲಿರುವ ಹುಳು ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆ. ಅಂದರೆ ಈ ಡಬ್ಬಕ್ಕೆ ದಿನಕ್ಕೆ ಹೆಚ್ಚೆಂದರೆ 250 ಗ್ರಾಂ, ಮೊದಲ ತಿಂಗಳಲ್ಲಂತೂ 100 ಗ್ರಾಂ ಸಾಕು. ನಾಲ್ಕು ಜನರ ಅಡುಗೆಮನೆಯಿಂದ ದಿನವೂ ಅರ್ಧ ಕಿಲೋಗಿಂತ ಕಡಿಮೆ ಹಸಿ ಕಸ ಬರುವುದು ಅಪರೂಪ. ಅದೆಲ್ಲವನ್ನೂ ಒಂದೇ ಡಬ್ಬಕ್ಕೆ ತುಂಬಿದರೆ ಕೆಡದೆ ಇರಲು ಸಾಧ್ಯವಿಲ್ಲ. ಮಿಕ್ಕಿದ್ದಕ್ಕೆ ಪಕ್ಕದಲ್ಲಿ ಒಂದು ಸಾಮಾನ್ಯ ಕಾಂಪೋಸ್ಟ್ ಮಡಕೆ ಇರಲಿ, ಅಥವಾ ಹಸಿ ಕಸದ ಗಾಡಿಗೆ ಹೋಗಲಿ.

ನಿಮ್ಮ ಬಳಿ ಇರುವ ಹುಳು ಯಾವುದು ಅನ್ನುವುದೂ ತಿಳಿದಿರಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ನರ್ಸರಿಗಳಲ್ಲಿ ಸಿಗುವುದು ಹೆಚ್ಚಾಗಿ ಎರಡು ಜಾತಿ. ಐಸೀನಿಯಾ ಫೆಟಿಡಾ ಕೆಂಪಗೆ, ಚಿಕ್ಕದಾಗಿ, ಮೈಮೇಲೆ ಅಡ್ಡಪಟ್ಟೆ ಹೊತ್ತಿರುತ್ತದೆ. ಯೂಡ್ರಿಲಸ್ ಯೂಜೀನಿಯೆ ಉದ್ದ, ದಪ್ಪ, ನೇರಳೆ ಛಾಯೆಯದು. ಬೇಗ ತಿನ್ನುತ್ತದೆ, ಅಷ್ಟೇ ಬೇಗ ಓಡಿಹೋಗುತ್ತದೆ, ಚಳಿ ತಡೆಯದು. ತೋಟದ ಮಣ್ಣು ಅಗೆದಾಗ ಸಿಗುವ ಎರೆಹುಳು ಇವೆರಡೂ ಅಲ್ಲ. ಅದು ಮಣ್ಣಿನ ಆಳದಲ್ಲಿ ಬಿಲ ತೋಡಿ ಬದುಕುವ ಜೀವಿ. ಅದನ್ನು ತಂದು ಡಬ್ಬಕ್ಕೆ ಬಿಟ್ಟಿದ್ದರೆ ಊಟ ಮುಟ್ಟದಿರುವುದು, ಸಾಯುವುದು ಸಹಜ. ಬದುಕಿರುವವನ್ನು ತೋಟಕ್ಕೆ ವಾಪಸ್ ಬಿಡಿ.

ಮೊದಲ ತಪಾಸಣೆ

ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬರುವ ವಾಸನೆಯೇ ಅರ್ಧ ಉತ್ತರ ಹೇಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಡಬ್ಬ ಚೆನ್ನಾಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ. ಹುಳಿ ಹಿಟ್ಟಿನ, ಹೆಂಡದ ವಾಸನೆ ಬಂದರೆ ಊಟ ಹುದುಗೆದ್ದಿದೆ. ಮೂಗಿಗೆ ಚುರ್ ಎನ್ನುವ ಅಮೋನಿಯಾ ಬಂದರೆ ಸಾರಜನಕ ಜಾಸ್ತಿಯಾಗಿದೆ, ಅಂದರೆ ಹಸಿ ಸಗಣಿ, ಬೇಳೆಕಾಳು, ವಿಪರೀತ ಕಾಫಿ ಚರಟ ಬಿದ್ದಿದೆ.

ಆಮೇಲೆ ತೇವ ನೋಡಬೇಕು. ಮೇಲಿನ ಪದರವನ್ನು ಸರಿಸಿ, ಡಬ್ಬದ ನಡು ಆಳದಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ಒಂದೆರಡು ಹನಿ ಜಿನುಗಿದರೆ ಹದ ಸರಿ. ನೀರು ಧಾರೆಯಾಗಿ ಇಳಿದರೆ ಹೆಚ್ಚು. ಹನಿಯೇ ಬರದೆ, ಮುಷ್ಟಿ ಬಿಚ್ಚಿದಾಗ ಉಂಡೆ ಪುಡಿಯಾದರೆ ಒಣಗಿದೆ. ಇದೇ ಪರೀಕ್ಷೆಯನ್ನು ತಳದಿಂದ ತೆಗೆದ ಹಿಡಿಯಲ್ಲೂ ಮಾಡಿ. ಕೋಕೋಪೀಟ್ ಹಾಸಿದ ಡಬ್ಬಗಳಲ್ಲಿ ಮೇಲ್ಭಾಗ ಒಣಗಿ ತಿಳಿಬಣ್ಣಕ್ಕೆ ತಿರುಗಿರುತ್ತದೆ, ತಳದಲ್ಲಿ ಕೆಸರು ನಿಂತಿರುತ್ತದೆ. ಮೇಲೆ ನೋಡಿ ನೀರು ಚಿಮುಕಿಸುತ್ತ ಹೋಗುವುದು ಬಹಳ ಮನೆಗಳಲ್ಲಿ ಕಾಣುವ ತಪ್ಪು.

ಕೊನೆಗೆ ಶಾಖ. ಅಡುಗೆಗೆ ಬಳಸುವ, ಚೂಪು ಕಡ್ಡಿಯ ಥರ್ಮಾಮೀಟರನ್ನು ಊಟ ಹೂತ ಜಾಗದಲ್ಲಿ ಚುಚ್ಚಿ. 20ರಿಂದ 28 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. 35 ದಾಟಿದರೆ ಹುಳುಗಳು ಸಾಯಲು ಶುರುವಾಗುತ್ತವೆ. ನೆರಳಲ್ಲಿರುವ ಡಬ್ಬದಲ್ಲೂ ಹೊರಗಿನ ಗಾಳಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿ ಕಂಡರೆ ಬಿಸಿಲಿನ ತಪ್ಪಲ್ಲ, ಒಳಗಿನ ಊಟವೇ ಕಾವೇರುತ್ತಿದೆ.

ಕೆಟ್ಟ ವಾಸನೆ

ಕೊಳೆತ ಮೊಟ್ಟೆಯ ನಾತಕ್ಕೆ ಕಾರಣ ನೀರು ನಿಂತು ಗಾಳಿ ಒಳಗೆ ಹೋಗದಿರುವುದು. ಮೊದಲು ಡಬ್ಬವನ್ನು ಎತ್ತಿ ತಳದ ತೂತು ನೋಡಿ. ಹಿಕ್ಕೆ ಮೆತ್ತಿಕೊಂಡು ಮುಚ್ಚಿಹೋಗಿರುತ್ತವೆ. ಕೆಳಗಿನಿಂದ ಒಂದು ಕಡ್ಡಿ ಹಾಕಿ ಬಿಡಿಸಿ. ತಳಕ್ಕೆ ಸೊಳ್ಳೆ ಪರದೆಯ ಬಟ್ಟೆ ಹಾಸಿದ್ದರೆ ಅದೇ ಕಟ್ಟಿಕೊಂಡಿರಬಹುದು. ಮುಂದಿನ ಸಲ ಅದರ ಬದಲು ತೆಂಗಿನ ನಾರು ಬಿಡಿಸಿ ಎರಡು ಇಂಚು ಹಾಸಿ. ಆಮೇಲೆ ಕಪ್ಪಾಗಿ, ಲೋಳೆಯಾಗಿ ಕೊಳೆತ ಊಟವನ್ನೆಲ್ಲ ಕೈಯಿಂದ ಆರಿಸಿ ಹೊರಗೆ ಹಾಕಿ. ಉಳಿದ ಹಾಸಿನ ಜೊತೆ ಅದರ ಮೂರನೇ ಒಂದು ಪಾಲಿನಷ್ಟು ಹರಿದ ರಟ್ಟು ಅಥವಾ ಒಣ ತರಗೆಲೆ ಬೆರೆಸಿ, ಬೆರಳುಗಳಿಂದ ತಳದವರೆಗೆ ಹಗುರವಾಗಿ ಮೇಲೆತ್ತಿ ಸಡಿಲಿಸಿ. ಸಲಿಕೆ, ಕರಣೆ ಬೇಡ, ಹುಳು ತುಂಡಾಗುತ್ತವೆ. ಮುಚ್ಚಳದ ಬದಲು ಎರಡು ದಿನ ಬರೀ ಗೋಣಿಚೀಲ ಹೊದಿಸಿ. ಎರಡು ಮೂರು ದಿನದಲ್ಲಿ ನಾತ ಇಳಿಯದಿದ್ದರೆ ತಳದಲ್ಲಿ ಇನ್ನೂ ಕೊಳೆತದ್ದು ಉಳಿದಿದೆ ಅಂತಲೇ ಅರ್ಥ, ಮತ್ತೊಮ್ಮೆ ಹುಡುಕಿ.

ರಟ್ಟಿನ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಪದರವಿಲ್ಲದ, ಕಂದು ಬಣ್ಣದ ಪಾರ್ಸೆಲ್ ರಟ್ಟು ಬೇಕು. ಟೇಪು, ಲೇಬಲ್ ಕಿತ್ತು, ಎರಡು ಬೆರಳಗಲಕ್ಕೆ ಹರಿಯಿರಿ. ಹೊಳಪಿನ ಪೆಟ್ಟಿಗೆ ಕೆಲಸಕ್ಕೆ ಬಾರದು.

ಅಮೋನಿಯಾ ವಾಸನೆ ಹೆಚ್ಚಾಗಿ ಹೊಸದಾಗಿ ಸಗಣಿ ತಂದವರ ಮನೆಯಲ್ಲಿ ಬರುತ್ತದೆ. ಹಸಿ ಸಗಣಿ ಕಾವೇರುತ್ತದೆ, ಗಂಜಲ ಸೇರಿದ್ದರೆ ಅಮೋನಿಯಾವನ್ನೂ ಬಿಡುತ್ತದೆ, ಎರಡೂ ಹುಳುವಿನ ಚರ್ಮಕ್ಕೆ ಆಗದವು. ಸಗಣಿಯನ್ನು ನೆರಳಲ್ಲಿ ಹರಡಿ, ಎರಡು ಮೂರು ವಾರ ಹಳೆಯದು ಮಾಡಿಯೇ ಹಾಕಿ. ಹಸುವಿಗೆ ಇತ್ತೀಚೆಗೆ ಜಂತುಹುಳದ ಔಷಧಿ ಕೊಟ್ಟಿದ್ದಾರಾ ಅಂತ ಕೇಳಿಕೊಳ್ಳಿ. ಕೊಟ್ಟಿದ್ದರೆ ಆ ಸಗಣಿ ಬೇಡ.

ಹುಳುಗಳು ಗೋಡೆ ಹತ್ತುತ್ತಿವೆ, ಹೊರಗೆ ಬೀಳುತ್ತಿವೆ

ಯಾವಾಗ ಹತ್ತುತ್ತಿವೆ ಅನ್ನುವುದನ್ನು ನೋಡಿದರೆ ಕಾರಣ ಬಹುಪಾಲು ತಿಳಿಯುತ್ತದೆ.

ಹೊಸ ಡಬ್ಬದಲ್ಲಿ ಮೊದಲ ಎರಡು ಮೂರು ರಾತ್ರಿ ಅಲೆದಾಡುವುದು ಸಾಮಾನ್ಯ. ಡಬ್ಬದ ಮೇಲೆ ರಾತ್ರಿಯಿಡೀ ಒಂದು ಸಣ್ಣ ಬಲ್ಬು ಉರಿಯಲಿ, ಬೆಳಕಿಗೆ ಹೆದರಿ ಕೆಳಗಿಳಿಯುತ್ತವೆ. ನಾಲ್ಕನೇ ದಿನವೂ ಮುಚ್ಚಳದ ತುಂಬ ಹುಳುಗಳೇ ಇದ್ದರೆ ಹಾಸಿನಲ್ಲೇ ದೋಷವಿದೆ. ಮೊದಲು ಅನುಮಾನಿಸಬೇಕಾದದ್ದು ಕೋಕೋಪೀಟ್. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶವಿರುತ್ತದೆ, ತೊಳೆಯದೆ ಒತ್ತಿದ ಇಟ್ಟಿಗೆಗಳೂ ಮಾರುಕಟ್ಟೆಯಲ್ಲಿ ಬರುತ್ತವೆ. 650 ಗ್ರಾಂ ಇಟ್ಟಿಗೆ ನೆನೆದರೆ ಎಂಟೊಂಬತ್ತು ಲೀಟರಾಗುತ್ತದೆ. ಅದನ್ನು ಬಕೆಟ್‌ನಲ್ಲಿ ಒಳ್ಳೆಯ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಹಾಕಿ ಹಿಂಡಿ, ಹೀಗೆ ಮೂರು ಸಲ ಮಾಡಿ. ಹಿಂಡಿದ ನೀರು ಕಡುಕಂದಿನಿಂದ ತಿಳಿಯಾಗುತ್ತ ಬರುತ್ತದೆ. ತೊಳೆಯಲಾಗಲಿ, ಹಾಸಿನ ಮೇಲೆ ಚಿಮುಕಿಸಲಾಗಲಿ ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರು ಬೇಡವೇ ಬೇಡ. ಲವಣವೆಲ್ಲ ಅದರಲ್ಲೇ ಸೇರಿರುತ್ತದೆ.

ತಿಂಗಳುಗಟ್ಟಲೆ ಚೆನ್ನಾಗಿದ್ದ ಡಬ್ಬದಿಂದ ಒಂದೇ ರಾತ್ರಿ ಹುಳುಗಳು ಹೊರಟರೆ ಹಿಂದಿನ ಎರಡು ದಿನ ಏನು ಬಿತ್ತು ಅಂತ ಮನೆಯವರನ್ನೆಲ್ಲ ಕೇಳಿ. ಉಳಿದ ಸಾರು, ಹುಳಿ, ಉಪ್ಪಿನಕಾಯಿಯ ರಸ, ನೆನೆದ ಹುಣಸೆಯ ಚರಟ, ಹಿಂಡಿದ ನಿಂಬೆ ಹೋಳು, ಹಸಿಮೆಣಸಿನ ತೊಟ್ಟುಗಳ ಗುಡ್ಡೆ, ಇವುಗಳಲ್ಲಿ ಒಂದಂತೂ ಇದ್ದೇ ಇರುತ್ತದೆ. ಹಬ್ಬದ ಮರುದಿನವಾದರೆ ಪೂಜೆಯ ಹೂವಿನ ಮೇಲೆ ಕಣ್ಣಿಡಿ. ಮಾರುಕಟ್ಟೆಯ ಸೇವಂತಿಗೆ, ಚೆಂಡು ಹೂವಿಗೆ ಕೀಟನಾಶಕ ಹೊಡೆದಿರಬಹುದು, ಜೊತೆಗೆ ಕುಂಕುಮ, ಕರ್ಪೂರದ ಚೂರು ಸೇರಿರುತ್ತದೆ. ಆಯುಧಪೂಜೆಗೆ ಒಡೆದ ಬೂದುಗುಂಬಳವೂ ಹಾಗೆಯೇ: ಬರೀ ನೀರು, ಮೇಲೆ ಕುಂಕುಮ, ಒಂದು ಕಾಯಿ ಇಡೀ ಡಬ್ಬವನ್ನು ಕೆಸರು ಮಾಡಬಲ್ಲದು. ಇವೆಲ್ಲ ಕಾಂಪೋಸ್ಟ್ ಮಡಕೆಗೆ ಹೋಗಲಿ. ಈಗಾಗಲೇ ಬಿದ್ದಿದ್ದರೆ ಆ ಭಾಗದ ಹಾಸನ್ನೂ ಸೇರಿಸಿ ಎತ್ತಿ ತೆಗೆದು, ಆ ಜಾಗಕ್ಕೆ ಹೊಸ ಒದ್ದೆ ರಟ್ಟು ತುಂಬಿ.

ಜೋರು ಮಳೆಗೆ ಮುಂಚೆ, ವಿಶೇಷವಾಗಿ ಯೂಡ್ರಿಲಸ್ ಹುಳುಗಳು ಗುಂಪಾಗಿ ಹತ್ತುವುದುಂಟು. ಬೇರೆ ಯಾವ ದೋಷವೂ ಕಾಣದಿದ್ದರೆ ಬಲ್ಬು ಹಾಕಿ, ಅಂಚಿನ ಒಳಗೆ ಒಣ ರಟ್ಟಿನ ಪಟ್ಟಿ ಸುತ್ತಿ. ಒಣ ಮೇಲ್ಮೈ ಮೇಲೆ ಅವು ಹತ್ತಲಾರವು. ಮುಚ್ಚಳದ ಒಳಗೆ ನೀರಹನಿ ಕಟ್ಟಿದ್ದರೆ ಅದನ್ನೇ ಅನುಸರಿಸಿ ಮೇಲೆ ಬರುತ್ತವೆ, ದಿನಕ್ಕೊಮ್ಮೆ ಒರೆಸಿ.

ಹುಳುವಿನ ಮೈ ಗಂಟುಗಂಟಾಗಿದೆ

ಒಂದು ಹುಳುವನ್ನು ಅಂಗೈ ಮೇಲಿಟ್ಟು ನೋಡಿ. ಆರೋಗ್ಯವಾಗಿದ್ದರೆ ಮೈ ಒಂದೇ ಸಮನಾಗಿ, ಒದ್ದೆ ಹೊಳಪಿನಿಂದ ಇರುತ್ತದೆ, ಬೆಳಕು ಬಿದ್ದ ಕೂಡಲೇ ಚಟಪಟ ಸರಿಯುತ್ತದೆ. ಕಾಯಿಲೆ ಬಿದ್ದ ಹುಳುವಿನ ಮೈ ಅಲ್ಲಲ್ಲಿ ಉಬ್ಬಿ, ನಡುವೆ ದಾರ ಕಟ್ಟಿದಂತೆ ಸಣ್ಣಗಾಗಿ, ದಾರಕ್ಕೆ ಪೋಣಿಸಿದ ಮಣಿಯಂತೆ ಕಾಣುತ್ತದೆ. ಕೆಲವು ಹುಳುಗಳ ಮೈ ಉಬ್ಬಿದ ಜಾಗದಲ್ಲಿ ಒಡೆದೇ ಹೋಗಿರುತ್ತದೆ. ಅತಿಯಾಗಿ ತಿಂದ ಪಿಷ್ಟ, ಪ್ರೋಟೀನು ಹುಳುವಿನ ಹೊಟ್ಟೆಯೊಳಗೇ ಹುದುಗೆದ್ದು, ಆಮ್ಲವೂ ಗಾಳಿಯೂ ತುಂಬಿಕೊಂಡಾಗ ಹೀಗಾಗುತ್ತದೆ. ಉಳಿದ ಅನ್ನ, ರಾಗಿ ಮುದ್ದೆ, ದೋಸೆ ಹಿಟ್ಟು, ಬೇಳೆ, ಹಾಲು ಮೊಸರು, ಇವು ಮುಖ್ಯ ಅಪರಾಧಿಗಳು. ಹುಳುಗಳನ್ನು ಬೇಗ ಕೊಬ್ಬಿಸಲು ಹಿಟ್ಟು ಉದುರಿಸುವುದೂ ಇಲ್ಲಿಗೇ ತಂದು ನಿಲ್ಲಿಸುತ್ತದೆ.

ಗಂಟುಬಿದ್ದ ಹುಳು ಸಾಮಾನ್ಯವಾಗಿ ಉಳಿಯುವುದಿಲ್ಲ, ಉಳಿದವನ್ನು ಕಾಪಾಡಬೇಕು. ಇದಕ್ಕೆ ಕಾಯುವ ಸಮಯವಿಲ್ಲ, ಅದೇ ದಿನ ಮಾಡಿ. ಬೇರೆ ಡಬ್ಬದಲ್ಲಿ ಬರೀ ಒದ್ದೆ ರಟ್ಟು, ತೊಳೆದ ಕೋಕೋಪೀಟ್ ಹಾಸಿ, ಚುರುಕಾಗಿರುವ ಹುಳುಗಳನ್ನು ಆರಿಸಿ ಅಲ್ಲಿಗೆ ಬಿಡಿ. ಅದರ ಮೇಲೆ ಎರಡು ಚಮಚ ಮೊಟ್ಟೆಚಿಪ್ಪಿನ ಪುಡಿ ಉದುರಿಸಿ. ಹತ್ತು ದಿನ ಊಟ ಬೇಡ. ಹಳೆಯ ಡಬ್ಬದ ಹಿಟ್ಟು, ಅನ್ನವನ್ನೆಲ್ಲ ತೆಗೆದು, ಹಾಸನ್ನು ಸಡಿಲಿಸಿ, ಅಲ್ಲೂ ಅಷ್ಟೇ ಪುಡಿ ಬೆರೆಸಿ ಗಾಳಿಗೆ ಬಿಡಿ.

ಚಿಪ್ಪನ್ನು ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಬೇಕು. ಬರೀ ಕೈಯಲ್ಲಿ ಮುರಿದ ಚಿಪ್ಪು ವರ್ಷವಾದರೂ ಹಾಗೇ ಬಿದ್ದಿರುತ್ತದೆ. ಮೊಟ್ಟೆ ತರದ ಮನೆಯವರು ಗೊಬ್ಬರದಂಗಡಿಯಲ್ಲಿ ಸಿಗುವ, ಸುಣ್ಣಕಲ್ಲನ್ನೇ ಬೀಸಿದ ಕೃಷಿ ಸುಣ್ಣ ತರಬಹುದು, ಈ ಡಬ್ಬಕ್ಕೆ ಒಂದು ಟೀ ಚಮಚ ಸಾಕು. ಎಲೆಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಮಾತ್ರ ಖಂಡಿತ ಬೇಡ. ಅವು ತೀಕ್ಷ್ಣ ಕ್ಷಾರ, ಹುಳುವಿನ ಚರ್ಮ ಸುಡುತ್ತವೆ. ಬೋರ್ಡಿಗೆ ಬರೆಯುವ ಸೀಮೆಸುಣ್ಣ ಬಹುಮಟ್ಟಿಗೆ ಜಿಪ್ಸಂ ಆದ್ದರಿಂದ ಹುಳಿ ತಗ್ಗಿಸಲು ಅದರಿಂದ ಪ್ರಯೋಜನವಿಲ್ಲ.

ಬೇಸಿಗೆ ಮತ್ತು ಮಳೆಗಾಲ

ಮಾರ್ಚ್‌ನಿಂದ ಮೇವರೆಗೆ ಡಬ್ಬ ಪಶ್ಚಿಮದ ಬಾಲ್ಕನಿಯಲ್ಲಿ ಇರಬಾರದು. ಮಧ್ಯಾಹ್ನ ಮೂರರ ಬಿಸಿಲು ಪ್ಲಾಸ್ಟಿಕ್ಕಿನ ಒಂದು ಪಕ್ಕಕ್ಕೆ ಬಿದ್ದರೂ ಒಳಗೆ ಬೇಯುತ್ತದೆ. ಕಲಬುರಗಿ, ರಾಯಚೂರಿನಂಥ ಕಡೆ ಗಾಳಿಯೇ 40 ಡಿಗ್ರಿ ದಾಟುವಾಗ ನೆರಳು ಮಾತ್ರ ಸಾಲದು. ಅಲ್ಲಿ ಒಣ ಗಾಳಿ ಇರುವುದರಿಂದ ಒದ್ದೆ ಗೋಣಿ ಸುತ್ತಿದರೆ ನೀರು ಆರುತ್ತ ಡಬ್ಬವನ್ನು ಚೆನ್ನಾಗಿ ತಂಪು ಮಾಡುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಗೋಣಿ ಆರುವುದೇ ಇಲ್ಲ, ಹಾಗಾಗಿ ಆ ಉಪಾಯದಿಂದ ಲಾಭ ಕಡಿಮೆ. ಅಲ್ಲಿ ಡಬ್ಬವನ್ನು ಮನೆಯೊಳಗಿನ ನೆಲದ ಮೇಲೆ ಇಡುವುದೇ ವಾಸಿ. ತುರ್ತಿಗೆ ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಹಾಸಿನ ಒಂದು ಮೂಲೆಯ ಮೇಲೆ ಮಲಗಿಸಿ. ನಡುವೆ ಇಡಬೇಡಿ, ತಂಪು ಬೇಕಾದ ಹುಳುಗಳು ಹತ್ತಿರ ಬರಲಿ, ಬೇಡವಾದವು ದೂರ ಇರಲಿ. ಬಿಸಿಯ ದಿನಗಳಲ್ಲಿ ಊಟ ಅರ್ಧಕ್ಕಿಳಿಸಿ, ಹಲಸಿನ ಸಿಪ್ಪೆ, ಮಾವಿನ ವಾಟೆ ಹಾಕಬೇಡಿ. ಸಕ್ಕರೆ ಹೆಚ್ಚಿರುವ ಈ ಕಸ ಗುಡ್ಡೆಬಿದ್ದರೆ ಬೇಗ ಕಾವೇರುತ್ತದೆ.

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಂದರೆ ತದ್ವಿರುದ್ಧ. ನೀರು ಚಿಮುಕಿಸುವ ಪ್ರಶ್ನೆಯೇ ಬರುವುದಿಲ್ಲ, ಒಣ ಪದಾರ್ಥವೇ ಸಿಗುವುದಿಲ್ಲ. ಫೆಬ್ರವರಿ ಮಾರ್ಚ್‌ನಲ್ಲೇ ಎರಡು ಗೋಣಿಚೀಲ ತರಗೆಲೆ ತುಂಬಿ ಒಣ ಜಾಗದಲ್ಲಿ ಇಟ್ಟುಕೊಂಡವರಿಗೆ ಮಳೆಗಾಲ ಸಲೀಸು. ನೀಲಗಿರಿ ಎಲೆ ಮಾತ್ರ ಸೇರದಿರಲಿ, ಅದರ ಎಣ್ಣೆಯಂಶ ಹುಳುಗಳಿಗೆ ಒಗ್ಗದು.

ನೊಣ, ಇರುವೆ, ನುಸಿ

ಹಣ್ಣಿನ ನೊಣದ ಮೊಟ್ಟೆ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಅಂಗಡಿಯಿಂದಲೇ ಬಂದಿರುತ್ತದೆ. ಸಿಪ್ಪೆಯನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಅಥವಾ ಬಿಸಿನೀರು ಸುರಿದು ಆರಿಸಿ ಹಾಕಿ. ಊಟವನ್ನು ಐದು ಸೆಂ.ಮೀ. ಆಳದಲ್ಲಿ ಹೂತು, ಮೇಲೆ ಅಷ್ಟೇ ದಪ್ಪ ಒಣ ಎಲೆ ಮುಚ್ಚಿ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಹತ್ತು ದಿನ ಸಾಕು, ಆದ್ದರಿಂದ ಎರಡು ವಾರ ಬಿಡದೆ ಹೀಗೆ ಮಾಡಿದರಷ್ಟೇ ಸಂತತಿ ಮುರಿಯುತ್ತದೆ. ಹಾರಾಡುವವಕ್ಕೆ ಬಟ್ಟಲಲ್ಲಿ ವಿನೆಗರ್, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಡಬ್ಬದ ಹೊರಗೆ ಇಡಿ.

ಬೂದುಗಂದು ಬಣ್ಣದ, ಚಪ್ಪಟೆಯಾದ, ಗಟ್ಟಿ ಚರ್ಮದ, ಎರಡು ಸೆಂ.ಮೀ. ಉದ್ದದ ಮರಿಹುಳುಗಳು ಊಟದ ಸುತ್ತ ಮುತ್ತಿಕೊಂಡಿದ್ದರೆ ಅವು ಕಪ್ಪು ಸೈನಿಕ ನೊಣದ ಮರಿಗಳು. ಎರೆಹುಳುವನ್ನು ತಿನ್ನುವುದಿಲ್ಲ, ಆದರೆ ಹೆಚ್ಚಾದಾಗ ಊಟ ಕಸಿದು, ಡಬ್ಬವನ್ನು ಬಿಸಿಯೂ ಕೆಸರೂ ಮಾಡುತ್ತವೆ. ಬೇಯಿಸಿದ ಊಟ ನಿಲ್ಲಿಸಿ, ಸಿಕ್ಕವನ್ನು ಆರಿಸಿ ಕೋಳಿ, ಹಕ್ಕಿಗಳಿಗೆ ಹಾಕಿ.

ಇರುವೆ ಗೂಡು ಕಟ್ಟಿದ್ದರೆ ಡಬ್ಬ ಒಣಗಿದೆ ಎಂದು ಗೊತ್ತು. ಹಾಸನ್ನು ಹದಕ್ಕೆ ತೇವ ಮಾಡಿ, ಗೂಡಿನ ಜಾಗವನ್ನು ದಿನವೂ ಕೆದಕಿದರೆ ಮೂರ್ನಾಲ್ಕು ದಿನದಲ್ಲಿ ಮೊಟ್ಟೆ ಹೊತ್ತು ಹೊರಡುತ್ತವೆ. ಡಬ್ಬವನ್ನು ನಾಲ್ಕು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಪ್ರತಿ ಕಾಲನ್ನೂ ಸೋಪುನೀರಿನ ಬಟ್ಟಲಲ್ಲಿ ನಿಲ್ಲಿಸಿ. ಇರುವೆ ಓಡಿಸುವ ಸೀಮೆಸುಣ್ಣದ ಗೆರೆ ಎಳೆಯಬೇಡಿ. ಅದರಲ್ಲಿರುವ ಕೀಟನಾಶಕದ ಪುಡಿ ಒಳಗೆ ಬಿದ್ದರೆ ಹುಳುಗಳಿಗೇ ಅಪಾಯ.

ಸೂಜಿಮೊನೆಯಷ್ಟು ಗುಂಡಗಿನ ಕಂದು ನುಸಿ ಮುಚ್ಚಳದ ಮೇಲೆ ಕಂಡರೆ, ಅಥವಾ ದಾರದಂಥ ಅಚ್ಚಬಿಳಿ ಹುಳುಗಳು ಮುದ್ದೆಗಟ್ಟಿದ್ದರೆ, ಡಬ್ಬ ಹುಳಿಯೂ ಒದ್ದೆಯೂ ಆಗಿದೆ. ಬಿಳಿ ಹುಳುಗಳನ್ನು ಎರೆಹುಳುವಿನ ಮರಿ ಅಂದುಕೊಂಡು ಸಂತೋಷಪಡುವವರು ಅನೇಕರು. ನಿಜವಾದ ಮರಿಯ ಮೈಯೊಳಗೆ ಕೆಂಪು ರಕ್ತನಾಳದ ಗೆರೆ ಕಾಣುತ್ತದೆ. ಕಲ್ಲಂಗಡಿ ಸಿಪ್ಪೆಯೊಂದನ್ನು ಬೋರಲು ಹಾಕಿ, ಮರುದಿನ ನುಸಿ ಮುತ್ತಿದ ಸಿಪ್ಪೆಯನ್ನು ಎತ್ತಿ ಹೊರಗೆ ಹಾಕುತ್ತ ಬನ್ನಿ, ಜೊತೆಗೆ ಮೊಟ್ಟೆಚಿಪ್ಪಿನ ಪುಡಿ, ಒಣ ರಟ್ಟು ಸೇರಿಸಿ. ಮುಟ್ಟಿದರೆ ನೆಗೆಯುವ ಬಿಳಿ ಚುಕ್ಕೆಗಳಿಗೆ ಏನೂ ಮಾಡಬೇಕಿಲ್ಲ. ಜರಿ ಕಂಡರೆ ಮಾತ್ರ ಇಕ್ಕಳದಿಂದ ಹಿಡಿದು ತೆಗೆಯಿರಿ, ಅದು ಎರೆಹುಳುಗಳನ್ನು ಬೇಟೆಯಾಡುತ್ತದೆ.

ತಟ್ಟೆಯ ನೀರು

ಹದವಾಗಿ ನಡೆಯುವ ಡಬ್ಬದಿಂದ ನೀರು ಸುರಿಯಬಾರದು. ದಿನವೂ ತಟ್ಟೆ ತುಂಬಿದರೆ ಅದು ಗಿಡಗಳಿಗೆ ಹಾಕುವ ಎರೆಜಲವಲ್ಲ, ಕೊಳೆತ ಊಟದ ಸೋರಿಕೆ. ವಾಸನೆಯಿಲ್ಲದಿದ್ದರೆ ಹತ್ತು ಪಾಲು ನೀರು ಬೆರೆಸಿ ಹೂವಿನ ಗಿಡದ ಬುಡಕ್ಕೆ ಹಾಕಬಹುದು. ನಾರುತ್ತಿದ್ದರೆ ಗಿಡಗಳಿಗೆ ಬೇಡ. ಹಸಿಯಾಗಿ ತಿನ್ನುವ ಸೊಪ್ಪಿಗೆ ಯಾವ ಕಾರಣಕ್ಕೂ ಬೇಡ.

ಹುಳುಗಳು ಕಡಿಮೆಯಾಗಿವೆ, ಅಥವಾ ಒಂದೂ ಇಲ್ಲ

ನಿಧಾನವಾಗಿ ಕಡಿಮೆಯಾದರೆ ಗೊಬ್ಬರ ತೆಗೆಯುವುದು ತಡವಾಗಿದೆಯೇ ನೋಡಿ. ಹಾಸೆಲ್ಲ ಟೀಪುಡಿಯಂಥ ಹಿಕ್ಕೆಯಾದ ಮೇಲೂ ಅದರಲ್ಲೇ ಉಳಿಸಿದರೆ ಹುಳುಗಳು ಸಣ್ಣಗಾಗುತ್ತವೆ, ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಎರಡೂವರೆ ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಒಂದು ಬದಿಗೆ ಸರಿಸಿ, ಇನ್ನೊಂದು ಬದಿಗೆ ಹೊಸ ಹಾಸು, ಊಟ ಇಟ್ಟು, ಹಳೆಯ ಬದಿಗೆ ನೀರನ್ನೂ ಊಟವನ್ನೂ ನಿಲ್ಲಿಸಿ. ಎರಡು ಮೂರು ವಾರದಲ್ಲಿ ಬಹುತೇಕ ಹುಳುಗಳು ತಾವೇ ದಾಟುತ್ತವೆ.

ಒಮ್ಮೆಲೇ ಸತ್ತಿದ್ದರೆ ಹೆಣ ಸಿಗಬೇಕೆಂದಿಲ್ಲ, ಎರೆಹುಳುವಿನ ಮೈ ಎರಡು ಮೂರು ದಿನದಲ್ಲಿ ಕರಗಿಹೋಗುತ್ತದೆ. ಆದರೂ ಡಬ್ಬವನ್ನು ಚೆಲ್ಲಬೇಡಿ. ಹಾಸನ್ನು ಬಿಳಿ ಹಾಳೆಯ ಮೇಲೆ ಹರಡಿ ಹುಡುಕಿ. ಸಾಸಿವೆಗಿಂತ ತುಸು ದೊಡ್ಡದಾದ, ಒಂದು ತುದಿ ಚೂಪಾದ, ಹಳದಿಯಿಂದ ಕಂದಿಗೆ ತಿರುಗಿದ ಮೊಟ್ಟೆಗೂಡುಗಳು ಸಿಗುತ್ತವೆ. ದೊಡ್ಡ ಹುಳುಗಳನ್ನು ಕೊಂದ ಶಾಖ, ಹುಳಿಯನ್ನು ಅವು ಅನೇಕ ಸಲ ತಡೆದುಕೊಂಡಿರುತ್ತವೆ. ಐಸೀನಿಯಾದ ಒಂದೊಂದು ಗೂಡಿನಿಂದ ಎರಡು ಮೂರು ಮರಿ ಬರುವುದುಂಟು. ಕೊಳೆತದ್ದನ್ನು ತೆಗೆದು, ಮೂರನೇ ಒಂದು ಪಾಲು ಹೊಸ ರಟ್ಟು ಬೆರೆಸಿ, ಒಂದೆರಡು ಹನಿಯ ಹದ ಕಾಯ್ದುಕೊಂಡು, ನೆರಳಲ್ಲಿ ಐದು ವಾರ ಬಿಡಿ. ಮರಿಗಳು ಕಂಡ ಮೇಲೆ ವಾರಕ್ಕೊಮ್ಮೆ 50 ಗ್ರಾಂ, ಸಣ್ಣಗೆ ಹೆಚ್ಚಿದ ಸೋರೆ ಅಥವಾ ಪಪ್ಪಾಯಿ ಸಿಪ್ಪೆ ಕೊಡಿ. ಅವು ಬೆಳೆದು, ಕುತ್ತಿಗೆಯ ಬಳಿ ದಪ್ಪ ಪಟ್ಟಿ ಮೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಊಟದ ಪ್ರಮಾಣ ಏರಿಸಬೇಡಿ.